ಸಾಂಬ್ರಾ ವಿಮಾನ ನಿಲ್ದಾಣವೂ ಒಕ್ಕಲಿಗರ ಲೆಕ್ಕವೂ

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಜಮೀನುದಾರರು ನಮ್ಮ ಖಾತೆಯವರನ್ನು ಕಂಡಾಗ ಕೇಳುವ ಪ್ರಶ್ನೆಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಒಂದು ಹೊಸದು ಸೇರಿಕೊಂಡಿದೆ. ಬೀಜ, ಗೊಬ್ಬರ, ರೋಗರುಜಿನಗಳ ಮಾತು ಮುಗಿದ ತರುವಾಯ ಅವರು ಸಾಂಬ್ರಾದ ವಿಮಾನಗಳ ವಿಷಯವನ್ನು ಎತ್ತುತ್ತಾರೆ. ಬೆಳಗಾವಿಯಿಂದ ದೂರದೂರದ ಪಟ್ಟಣಗಳಿಗೆ ವಿಮಾನ ಹಾರುತ್ತಿರುವಾಗ ನಮ್ಮ ಮಾಲನ್ನೂ ಅದರಲ್ಲಿ ಕಳಿಸಬಹುದಲ್ಲವೇ? ಹತ್ತು ಗುಂಟೆಯಷ್ಟು ಕಬ್ಬು ಕಿತ್ತು ಹೂವಿನ ಹಸಿರುಮನೆ ಕಟ್ಟಿಸಿದರೆ ಹೇಗೆ? ಅದಕ್ಕೆ ಬ್ಯಾಂಕಿನಲ್ಲಿ ಸಾಲ ತೆಗೆಯಬಹುದೇ?

ವಿಮಾನದ ಮಾತು ಒಕ್ಕಲುತನದ ಪತ್ರಿಕೆಯಲ್ಲಿ ಯಾಕೆಂದು ಕೆಲವು ವಾಚಕರಿಗೆ ಅನ್ನಿಸಬಹುದು. ಆದರೆ ಸಾಲದ ಬೋಜ ಏರುವುದು ಹೊಲದ ಉತಾರದ ಮೇಲೆ. ವಿಮಾನದ ಕಂಪನಿಯು ತನಗೆ ಬೇಡವಾದ ದಿನ ಹಾರಾಟವನ್ನು ನಿಲ್ಲಿಸಬಲ್ಲದು. ರೈತನು ಬೇಡವಾದ ದಿನ ಸಾಲದ ಕಂತನ್ನು ನಿಲ್ಲಿಸಲಾರನು. ಆದಕಾರಣ ಒಂದು ವಿಮಾನ ಮಾರ್ಗವು ಹೇಗೆ ಹುಟ್ಟುತ್ತದೆ, ಎಷ್ಟು ಕಾಲ ಬಾಳುತ್ತದೆ, ಯಾತಕ್ಕೆ ಸಾಯುತ್ತದೆ ಎಂಬುದನ್ನು ಊರಿನ ಹಿರಿಯರೂ ಜಮೀನುದಾರರೂ ಅರಿತಿರುವುದು ಅವಶ್ಯ.

ಸಾಂಬ್ರಾ ಗ್ರಾಮವು ಬೆಳಗಾವಿ ನಗರದಿಂದ ಪೂರ್ವಕ್ಕೆ ಸುಮಾರು 10 ಕಿಲೋಮೀಟರಿನ ಮೇಲೆ ಬಾಗಲಕೋಟೆಯ ರಸ್ತೆಗೆ ಹೊಂದಿಕೊಂಡಿದೆ. ಅಲ್ಲಿಯ ವಿಮಾನದ ಮೈದಾನವನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ರಾಯಲ್ ಏರ್ ಫೋರ್ಸಿನವರು ತಮ್ಮ ಪಡೆಯ ಶಿಕ್ಷಣಕ್ಕಾಗಿ ಕಟ್ಟಿಸಿದರು. ಉತ್ತರ ಕರ್ನಾಟಕದ ವಿಮಾನ ನಿಲ್ದಾಣಗಳಲ್ಲಿ ಇದೇ ಹಳೆಯದು. 1961ರ ಡಿಸೆಂಬರದಲ್ಲಿ ಗೋವೆಯ ವಿಮೋಚನೆಯಾದಾಗ ಭಾರತದ ಹಂಟರ್ ಯುದ್ಧವಿಮಾನಗಳು ಇಲ್ಲಿಂದಲೇ ಹಾರಿದವು. ವಾಯುಪಡೆಯ ಶಿಕ್ಷಣ ಶಾಲೆಯು ಇಂದಿಗೂ ನಿಲ್ದಾಣದ ಮಗ್ಗುಲಲ್ಲಿದೆ. ಎಂದರೆ ಈ ನಿಲ್ದಾಣವು ವ್ಯಾಪಾರಕ್ಕಾಗಿ ಹುಟ್ಟಿದ್ದಲ್ಲ. ದಂಡಿಗಾಗಿ ಹುಟ್ಟಿ, ತರುವಾಯ ವ್ಯಾಪಾರಕ್ಕೆ ಒಗ್ಗಿಸಿಕೊಂಡದ್ದು. ದಂಡಿನವರಿಗೆ ಪ್ರಯಾಣಿಕರು ಸಾಲುವರೋ ಇಲ್ಲವೋ ಎಂಬ ಚಿಂತೆಯಿರಲಿಲ್ಲ. ವ್ಯಾಪಾರದ ಕಂಪನಿಗಳಿಗೆ ಆ ಚಿಂತೆಯ ಹೊರತು ಬೇರೊಂದಿಲ್ಲ.

ಸಣ್ಣ ಪಟ್ಟಣಗಳಿಗೆ ಅಗ್ಗದ ವಿಮಾನವನ್ನು ತಂದವರಲ್ಲಿ ಮೊದಲಿಗರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥರು. ಅವರ ಏರ್ ಡೆಕ್ಕನ್ ಕಂಪನಿಯು 2003ರ ಆಗಸ್ಟದಲ್ಲಿ ಬೆಂಗಳೂರು–ಹುಬ್ಬಳ್ಳಿಯ ನಡುವೆ ತನ್ನ ಮೊದಲ ಹಾರಾಟವನ್ನು ನಡೆಸಿತು. ಸೈನ್ಯವನ್ನು ಬಿಟ್ಟು ಬಂದು ಹಲವು ವರ್ಷ ತೆಂಗು, ರೇಷ್ಮೆಗಳ ಒಕ್ಕಲುತನ ಮಾಡಿದ ಈ ಮಹನೀಯರಿಗೆ ಹೊಲದ ಲೆಕ್ಕವೂ ಗೊತ್ತಿದ್ದಿತು. ಆದರೂ ಕಂಪನಿಯು ನಷ್ಟದಲ್ಲಿ ಸಿಲುಕಿ ಕಿಂಗ್‌ಫಿಷರಿನವರ ಕೈ ಸೇರಿತು. 2012ರ ಅಕ್ಟೋಬರದಲ್ಲಿ ಕಿಂಗ್‌ಫಿಷರೂ ಹಾರಾಟವನ್ನು ನಿಲ್ಲಿಸಿತು. ಈ ಕಸುಬಿನಲ್ಲಿ ದೊಡ್ಡವರೂ ಸಣ್ಣವರೂ ಮುಳುಗಿದ್ದುಂಟು ಎಂಬುದಕ್ಕೆ ಇಷ್ಟು ಸಾಕು.

ಸಾಂಬ್ರಾದ ರನ್‌ವೇ, ಎಂದರೆ ವಿಮಾನವು ಓಡಿ ಏರುವ ಹಾದಿಯು, ಮೊದಲು 1830 ಮೀಟರು ಉದ್ದವಿದ್ದಿತು. ಎಪ್ಪತ್ತು ಆಸನಗಳ ಎ.ಟಿ.ಆರ್. ಜಾತಿಯ ವಿಮಾನಕ್ಕೆ ಇಷ್ಟು ಸಾಕು. ನೂರೆಂಬತ್ತು ಜನರನ್ನು ಹೊರುವ ಏರ್‌ಬಸ್, ಬೋಯಿಂಗ್‌ಗಳಿಗೆ ಸಾಲದು. ರನ್‌ವೇಯನ್ನು 2300 ಮೀಟರಿಗೆ ಬೆಳೆಸಿ ಹೊಸ ಕಟ್ಟಡ ಕಟ್ಟಲು ರಾಜ್ಯ ಸರಕಾರವು ಸುತ್ತಿನ ಸುಮಾರು 370 ಎಕರೆ ಭೂಮಿಯನ್ನು ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಉಚಿತವಾಗಿ ಕೊಟ್ಟಿತು. ಸರಕಾರ ಕೊಟ್ಟಿತು ಎನ್ನುವುದು ಕಾಗದದ ಮಾತು. ಅದಕ್ಕೆ ಮುಂಚೆ ಆ ಹೊಲಗಳಲ್ಲಿ ನೇಗಿಲು ಹೂಡಿದವರು ಆಚೀಚಿನ ಹಳ್ಳಿಗಳ ಒಕ್ಕಲಿಗರು. 2017ರ ಸೆಪ್ಟೆಂಬರ 14ರಂದು ಹೊಸ ಕಟ್ಟಡವನ್ನು ಕೇಂದ್ರ ವಿಮಾನಯಾನ ಸಚಿವರಾಗಿದ್ದ ಅಶೋಕ ಗಜಪತಿ ರಾಜು ಅವರು ಉದ್ಘಾಟಿಸಿದರು. ಏಕಕಾಲಕ್ಕೆ 300 ಪ್ರಯಾಣಿಕರಿಗೆ ಎಡೆಯುಳ್ಳ ಕಟ್ಟಡವದು.

ಮುಂದೆ ನಡೆದದ್ದನ್ನು ವಾಚಕರು ಚೆನ್ನಾಗಿ ಮನನ ಮಾಡತಕ್ಕದ್ದು. ಆಗ ಸಾಂಬ್ರಾದಿಂದ ಬೆಂಗಳೂರು, ಮುಂಬಯಿ, ಹೈದರಾಬಾದ ಮೊದಲಾದ ಕಡೆಗೆ ಹಾರುತ್ತಿದ್ದದ್ದು ಸ್ಪೈಸ್‌ಜೆಟ್ ಎಂಬ ಒಂದೇ ಕಂಪನಿ. ಕಟ್ಟಡವು ಉದ್ಘಾಟನೆಯಾಗಿ ಎಂಟು ತಿಂಗಳಾಗುವಷ್ಟರಲ್ಲಿ, 2018ರ ಮೇ ತಿಂಗಳಲ್ಲಿ, ಆ ಕಂಪನಿಯು ತನ್ನ ವಿಮಾನಗಳನ್ನು ಸಾಂಬ್ರಾದಿಂದ ಎತ್ತಿ ಹುಬ್ಬಳ್ಳಿಗೆ ಒಯ್ದಿತು. ಉದ್ದವಾದ ರನ್‌ವೇ ಅಲ್ಲಿಯೇ ಇದ್ದಿತು, ಹೊಸ ಕಟ್ಟಡವೂ ಇದ್ದಿತು, ಪ್ರಯಾಣಿಕರೂ ಇಲ್ಲವೆಂದಲ್ಲ. ಕೆಲವು ವಾರಗಳ ಮೇಲೆ ಅಲಯನ್ಸ್ ಏರ್ ಕಂಪನಿಯ ಸಣ್ಣ ವಿಮಾನವು ಬೆಂಗಳೂರಿಗೆ ಹಾರತೊಡಗಿದ್ದರಿಂದ ನಿಲ್ದಾಣದ ಬಾಗಿಲು ಮುಚ್ಚುವುದು ತಪ್ಪಿತು.

ಕಾರಣವು ಗೂಢವಾದದ್ದಲ್ಲ. ಕೇಂದ್ರ ಸರಕಾರವು 2016ರ ಅಕ್ಟೋಬರದಲ್ಲಿ ಉಡಾನ್ ಎಂಬ ಯೋಜನೆಯನ್ನು ಸಾರಿತು. ಇದರ ಕಟ್ಟಳೆ ಹೀಗಿದೆ: ವಿಮಾನವಿಲ್ಲದ ಅಥವಾ ಕಡಿಮೆ ವಿಮಾನಗಳಿರುವ ಊರುಗಳಿಗೆ ಹಾರಲು ಕಂಪನಿಗಳಿಂದ ಟೆಂಡರು ಕರೆಯುವುದು, ಅರ್ಧದಷ್ಟು ಆಸನಗಳನ್ನು, ಒಂದು ಗಂಟೆಯ ಪ್ರಯಾಣಕ್ಕೆ ಸುಮಾರು 2500 ರೂಪಾಯಿಯಂತೆ, ಗೊತ್ತುಪಡಿಸಿದ ದರಕ್ಕೆ ಮಾರತಕ್ಕದ್ದು, ಅದರಿಂದ ಬರುವ ಕೊರತೆಯನ್ನು ಮೂರು ವರ್ಷದ ವರೆಗೆ ಸರಕಾರ ತುಂಬಿಕೊಡತಕ್ಕದ್ದು, ಆ ಮೂರು ವರ್ಷ ಅದೇ ಮಾರ್ಗದಲ್ಲಿ ಯೋಜನೆಯ ಮೇರೆಗೆ ಬೇರೆ ಕಂಪನಿಗೆ ಅವಕಾಶವಿಲ್ಲ. ಕೊರತೆಯ ಹಣವು ದೊಡ್ಡ ಪಟ್ಟಣಗಳ ನಡುವೆ ಹಾರುವ ವಿಮಾನಗಳ ಮೇಲೆ ಹಾಕಿದ ಪಟ್ಟಿಯಿಂದ ಕೂಡುತ್ತದೆ; ಅದರ ಐದನೆಯ ಒಂದು ಪಾಲು ರಾಜ್ಯ ಸರಕಾರದ್ದು. ರಾಜ್ಯವು ಇಂಧನದ ಮೇಲಿನ ತೆರಿಗೆಯನ್ನು ಶೇಕಡಾ ಒಂದಕ್ಕೆ ಇಳಿಸಿ, ಪೋಲೀಸು ಹಾಗೂ ಅಗ್ನಿಶಾಮಕ ದಳದ ಸೇವೆಯನ್ನು ಉಚಿತವಾಗಿ ಒದಗಿಸಬೇಕು. ವಿಮಾನದ ವೆಚ್ಚದಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕಿ ಇಂಧನಕ್ಕೇ ಹೋಗುವುದರಿಂದ ಈ ತೆರಿಗೆಯ ಇಳಿತವು ಸಣ್ಣದಲ್ಲ.

ಯೋಜನೆಯ ಮೊದಲ ಸುತ್ತುಗಳಲ್ಲಿ ಹುಬ್ಬಳ್ಳಿಗೆ ಈ ಸವಲತ್ತು ದೊರೆಯಿತು, ಬೆಳಗಾವಿಗೆ ದೊರೆಯಲಿಲ್ಲ. ಎರಡು ನಿಲ್ದಾಣಗಳ ನಡುವಿನ ಅಂತರವು ನೂರು ಕಿಲೋಮೀಟರಿನ ಆಸುಪಾಸು. ಒಂದು ಕಾಲುವೆಯಲ್ಲಿ ನೀರು ಬಿಟ್ಟು ಪಕ್ಕದ ಕಾಲುವೆಯಲ್ಲಿ ಬಿಡದಿದ್ದರೆ ದನಕರುಗಳು ಯಾವ ಕಡೆಗೆ ನಡೆಯುವುವು ಎಂದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಬೆಳಗಾವಿಯ ಜನರು ಹಾಗೂ ಪ್ರತಿನಿಧಿಗಳು ಕೂಗಿಟ್ಟ ಮೇಲೆ 2019ರ ಜನವರಿಯಲ್ಲಿ ಪ್ರಕಟವಾದ ಮೂರನೆಯ ಸುತ್ತಿನಲ್ಲಿ ಸಾಂಬ್ರಾಕ್ಕೂ ಪಾಲು ಬಂದಿತು. ಅಲ್ಲಿಂದ ಮೂರು ವರ್ಷ ಸುಗ್ಗಿಯೇ ಸುಗ್ಗಿ. ಕೊಲ್ಲಾಪುರದ ಘೋಡಾವತ ಮನೆತನದ ಸ್ಟಾರ್ ಏರ್ ಕಂಪನಿಯು ಐವತ್ತು ಆಸನಗಳ ಎಂಬ್ರೇರ್ ವಿಮಾನಗಳನ್ನು ತಂದು 2019ರಲ್ಲಿ ಅಹಮದಾಬಾದಕ್ಕೆ, 2020ರಲ್ಲಿ ಇಂದೂರಕ್ಕೂ ಸುರತಕ್ಕೂ, 2021ರಲ್ಲಿ ನಾಸಿಕ, ಜೋಧಪುರಗಳಿಗೆ ಹಾರಿಸಿತು. ಟ್ರೂಜೆಟ್ ಕಂಪನಿಯು ಹೈದರಾಬಾದ, ತಿರುಪತಿ, ಮೈಸೂರುಗಳಿಗೆ ಹಾರಿತು. ನಡುವೆ ಮಹಾಮಾರಿಯಿಂದ 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ಪ್ರಯಾಣಿಕ ವಿಮಾನಗಳೆಲ್ಲ ನಿಂತಿದ್ದವು. ಮತ್ತೆ ಆರಂಭವಾದಾಗ ಸಾಂಬ್ರಾದ ಸಣ್ಣ ವಿಮಾನಗಳು ಬೇಗನೆ ಚೇತರಿಸಿಕೊಂಡವು. ಗೋಕಾಕ, ಸಂಕೇಶ್ವರಗಳ ಪೇಟೆಯಲ್ಲಿ ಅಂಗಡಿಯಿಟ್ಟ ಗುಜರಾತಿ, ಮಾರವಾಡಿ ವರ್ತಕರಿಗೆ ಈ ಮಾರ್ಗಗಳು ಬಹಳ ಅನುಕೂಲವಾದವು ಎಂಬುದರಲ್ಲಿ ಸಂಶಯವಿಲ್ಲ. ನಮ್ಮ ಬೆಲ್ಲವನ್ನು ಕೊಳ್ಳುವ ಪ್ರಾಂತಗಳೂ ಅವೇ. ಬೆಲ್ಲವು ಲಾರಿಯಲ್ಲಿಯೇ ಹೋದರೂ ಬೆಲ್ಲವನ್ನು ಕೊಳ್ಳುವವನು ಎರಡು ತಾಸಿನಲ್ಲಿ ಬಂದು ಮುದ್ದೆಯನ್ನು ಕಣ್ಣಾರೆ ನೋಡಿ ಹೋಗುವುದು ಲಾಭವೇ.

ಬಳಿಕ ಇಳಿತವು ಮೊದಲಾಯಿತು. ಟ್ರೂಜೆಟ್ ಕಂಪನಿಯು 2022ರ ಫೆಬ್ರವರಿಯಲ್ಲಿ ಹಾರಾಟವನ್ನೇ ನಿಲ್ಲಿಸಿತು. ಸರಕಾರದ ಮೂರು ವರ್ಷದ ಆಸರೆ ತೀರಿದಂತೆ ಬೇರೆ ಮಾರ್ಗಗಳೂ ಒಂದೊಂದಾಗಿ ಸಡಿಲವಾದವು. ದೆಹಲಿಗೆ 2021ರ ಆಗಸ್ಟದಲ್ಲಿ ಸ್ಪೈಸ್‌ಜೆಟ್ಟಿನವರು ಆರಂಭಿಸಿದ ಹಾರಾಟವು ಬಾಳಲಿಲ್ಲ. 2023ರ ಅಕ್ಟೋಬರದಲ್ಲಿ ಇಂಡಿಗೊ ಕಂಪನಿಯು ಅದೇ ಮಾರ್ಗವನ್ನು ದೊಡ್ಡ ವಿಮಾನದಿಂದ ಮತ್ತೆ ತೆರೆಯಿತು. 2024ರ ಮಾರ್ಚ್ 10ರಂದು ಪ್ರಧಾನಮಂತ್ರಿಗಳು ಸಾಂಬ್ರಾದಲ್ಲಿ ಇನ್ನೂ ದೊಡ್ಡದಾದ ಮತ್ತೊಂದು ಕಟ್ಟಡಕ್ಕೆ ಅಡಿಗಲ್ಲು ಹಾಕಿದರು. ಅದೇ ದಿನ ಹುಬ್ಬಳ್ಳಿಯ ಕಟ್ಟಡಕ್ಕೂ ಅಡಿಗಲ್ಲಾಯಿತು. ಕಟ್ಟಡಗಳು ಬೆಳೆಯುತ್ತವೆ, ಮಾರ್ಗಗಳು ಬಂದು ಹೋಗುತ್ತವೆ. ಇವೆರಡನ್ನೂ ಒಂದೇ ಎಂದೆಣಿಸುವುದೇ ಜನರು ಮಾಡುವ ದೊಡ್ಡ ತಪ್ಪು.

ಇದು ಬೆಳಗಾವಿಯೊಂದರ ಹಣೆಬರಹವಲ್ಲ. ಭಾರತದ ಮಹಾಲೇಖಪಾಲರು 2023ರಲ್ಲಿ ಉಡಾನ್ ಯೋಜನೆಯ ತಪಾಸಣೆಯ ವರದಿಯನ್ನು ಪ್ರಕಟಿಸಿದರು. ಮೊದಲ ಮೂರು ಸುತ್ತುಗಳಲ್ಲಿ ಮಂಜೂರಾದ ಮಾರ್ಗಗಳು 774. ಅವುಗಳಲ್ಲಿ ಹಾರಾಟ ಆರಂಭವಾದದ್ದು 371ರಲ್ಲಿ ಮಾತ್ರ. ಮೂರು ವರ್ಷ ಪೂರೈಸಿದವು 112. ಆಸರೆ ತೀರಿದ ಮೇಲೆಯೂ 2023ರ ಮಾರ್ಚಿನ ವರೆಗೆ ಬದುಕಿದ್ದವು 54. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನೂರು ಕಾಳು ಬಿತ್ತಿದಲ್ಲಿ ನಾಲ್ವತ್ತೆಂಟು ಮೊಳೆತವು, ಹದಿನಾಲ್ಕು ಹೊಡೆ ಹಾಯ್ದವು, ಏಳು ತೆನೆಗಟ್ಟಿದವು. ಇಂಥ ಬೀಜವನ್ನು ಅಂಗಡಿಯವನು ಮಾರಿದರೆ ನಾವು ಅವನ ಪರವಾನಗಿಯನ್ನು ತೆಗೆಸುತ್ತಿದ್ದೆವು. ಆದರೆ ಸರಕಾರವು ಇಲ್ಲಿ ಬಿತ್ತಿದ್ದು ಪ್ರಯೋಗದ ಮಡಿಯಲ್ಲಿ ಬಿತ್ತಿದಂತೆ. ಏಳು ನಿಂತರೆ ಆ ಏಳೂ ದೇಶಕ್ಕೆ ಲಾಭವೇ. ಪ್ರಯೋಗದ ಮಡಿಯ ಬೀಜವನ್ನು ಊರೆಲ್ಲ ಸಾಲ ಮಾಡಿ ಬಿತ್ತಕೂಡದು ಎಂಬಷ್ಟೇ ನಮ್ಮ ಮಾತು. 2025ರ ಫೆಬ್ರವರಿಯ ಆಯವ್ಯಯದಲ್ಲಿ ಮುಂದಿನ ಹತ್ತು ವರ್ಷಗಳಲ್ಲಿ 120 ಹೊಸ ಊರುಗಳಿಗೆ ಮಾರ್ಗ ಒದಗಿಸುವ ತಿದ್ದಿದ ಯೋಜನೆಯನ್ನು ಸಾರಲಾಗಿದೆ; ಮತ್ತೆ ಸುಗ್ಗಿಯ ಸುದ್ದಿಗಳು ಬರುವುವು. ಬೀದರಿನವರು ತಮ್ಮ ಊರಿನ ವಿಮಾನ 2023ರ ಕೊನೆಗೆ ನಿಂತು 2025ರ ಏಪ್ರಿಲಿನಲ್ಲಿ ಮತ್ತೆ ಹಾರಿದ್ದನ್ನು ಕಂಡಿದ್ದಾರೆ.

ಹಾಗಾದರೆ ಒಕ್ಕಲಿಗನಿಗೆ ವಿಮಾನದಿಂದ ಪ್ರಯೋಜನವೇ ಇಲ್ಲವೇ? ಉಂಟು, ಆದರೆ ಯಾವ ಮಾಲಿಗೆ ಎಂಬುದನ್ನು ತೂಗಿ ನೋಡಬೇಕು.

ಮೊದಲು ಭಾರದ ಲೆಕ್ಕ. ಐವತ್ತು ಆಸನಗಳ ವಿಮಾನದಲ್ಲಿ ಒಬ್ಬೊಬ್ಬ ಪ್ರಯಾಣಿಕನಿಗೆ 15 ಕಿಲೋದಂತೆ ಗಂಟುಮೂಟೆಯೇ ಏಳೂವರೆ ಕ್ವಿಂಟಲಾಗುತ್ತದೆ. ಅದು ಹೋಗಿ ಮಾಲಿಗೆ ಉಳಿಯುವ ಎಡೆಯು ಕ್ವಿಂಟಲಿನ ಲೆಕ್ಕದ್ದೇ ಹೊರತು ಲಾರಿಯ ಲೆಕ್ಕದ್ದಲ್ಲ. ಒಂದು ಹಾರಾಟಕ್ಕೆ ಐದು ಕ್ವಿಂಟಲು ದೊರೆಯಿತೆಂದೇ ಹಿಡಿಯೋಣ. ನಲವತ್ತು ಟನ್ನು ಇಳುವರಿಯ ಒಂದು ಎಕರೆ ಕಬ್ಬನ್ನು ಸಾಗಿಸಲು ಎಂಬತ್ತು ಹಾರಾಟ ಬೇಕು! ಕಬ್ಬನ್ನು ಯಾರೂ ವಿಮಾನದಲ್ಲಿ ಕಳಿಸುವುದಿಲ್ಲವೆಂದು ವಾಚಕರು ನಗಬಹುದು. ಆದರೆ ತರಕಾರಿ, ಗೋವಿನಜೋಳ, ಅರಿಷಿಣ, ಬೆಲ್ಲಗಳ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದವರುಂಟು. 2025ರ ನವೆಂಬರದಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ದಿನಗಟ್ಟಲೆ ಕುಳಿತು ಹೋರಾಡಿದ ಬಳಿಕ ಗೊತ್ತಾದ ಬೆಲೆಯು ಟನ್ನಿಗೆ 3300 ರೂಪಾಯಿಯ ಹಂತದ್ದು. ಎಂದರೆ ಕಿಲೋಕ್ಕೆ ಮೂರು ರೂಪಾಯಿ ಮೂವತ್ತು ಪೈಸೆ. ಟನ್ನಿಗೆ ನೂರು ರೂಪಾಯಿ ಹೆಚ್ಚಾಗಲು ರಸ್ತೆಯಲ್ಲಿ ರಾತ್ರಿ ಕಳೆಯಬೇಕಾದ ಮಾಲಿಗೂ ವಿಮಾನಕ್ಕೂ ಸಂಬಂಧವೇ ಇಲ್ಲ. ನಮ್ಮ ಮೂರು ತಾಲೂಕುಗಳ ಭೂಮಿಯಲ್ಲಿ ಬಹುಭಾಗವು ಇಂಥ ಭಾರದ ಪೀಕುಗಳದೇ. ಅವುಗಳ ಭಾಗ್ಯವು ಕಾರಖಾನೆಯ ತೂಕದ ಕಾಟ, ಘಟಪ್ರಭೆಯ ಸರದಿಯ ನೀರು, ರೇಲ್ವೆ, ರಸ್ತೆ ಇವುಗಳಲ್ಲಿದೆ.

ಎರಡನೆಯದು ಕೆಡುವ ವೇಗ. ಗೋಕಾಕದ ಕರದಂಟು ಹಗುರವೂ ಹೌದು, ಬೆಲೆಯುಳ್ಳದ್ದೂ ಹೌದು. ಆದರೆ ವಾರಗಟ್ಟಲೆ ಕೆಡುವುದಿಲ್ಲವಾದುದರಿಂದ ಅದಕ್ಕೆ ವಿಮಾನದ ಗರಜಿಲ್ಲ. ಸಂಕೇಶ್ವರದ ಒಣ ಮೆಣಸಿನಕಾಯಿಯ ಮಾತೂ ಅದೇ. ಹಗುರವಾಗಿರಬೇಕು, ಬೆಲೆ ಹೆಚ್ಚಿರಬೇಕು, ಬೇಗ ಬಾಡುವಂಥದಿರಬೇಕು. ಈ ಮೂರೂ ಕೂಡಿದರೆ ಮಾತ್ರ ವಿಮಾನ. ಉಡುಪಿಯ ಶಂಕರಪುರದ ಮಲ್ಲಿಗೆಯು ಇದಕ್ಕೆ ಒಳ್ಳೆಯ ನಿದರ್ಶನ. ಬೆಳಿಗ್ಗೆ ಕೊಯ್ದ ಮೊಗ್ಗು ಸಂಜೆಯೊಳಗೆ ಅರಳಲೇಬೇಕು. ಅದನ್ನು ಮುಡಿಯುವ ಜನರು ಕೊಲ್ಲಿಯ ದೇಶಗಳಲ್ಲಿದ್ದಾರೆ. ಸಮುದ್ರದಾಚೆ ಲಾರಿ ಹೋಗದು. ಅಲ್ಲಿ ವಿಮಾನವು ಅನಿವಾರ್ಯ, ಮತ್ತು ಮಂಗಳೂರಿನ ನಿಲ್ದಾಣದಲ್ಲಿ ಕೊಲ್ಲಿಗೆ ಹಾರುವ ವಿಮಾನಗಳಿಗೆ ಜನರ ಅಭಾವವಿಲ್ಲ. ಮಲ್ಲಿಗೆಯು ಆ ಜನರ ಬೆನ್ನಿಗೆ ಕುಳಿತು ಹೋಗುತ್ತದೆ.

ನಮ್ಮಲ್ಲಿ ಹಸಿರುಮನೆ ಕಟ್ಟಿಸುವವರು ಬೆಳೆಯುವುದು ಬಹುತೇಕ ಜರ್ಬೆರಾ, ಗುಲಾಬಿ ಹೂಗಳನ್ನು. ಇವುಗಳ ವಿಷಯದಲ್ಲಿ ನಾನು ಒಂದು ಅಳತೆಗೋಲನ್ನು ಸೂಚಿಸುತ್ತೇನೆ. ಅದನ್ನು ಒಂದು ರಾತ್ರಿಯ ಹಾದಿ ಎಂದು ಕರೆಯೋಣ. ಸಂಜೆ ಕೊಯ್ದು ಡಬ್ಬಿಯಲ್ಲಿಟ್ಟ ಹೂವು ರಾತ್ರಿಯ ಬಸ್ಸಿನಲ್ಲಿ ಹೊರಟು ನಸುಕಿನ ಪೇಟೆಗೆ ಮುಟ್ಟುವುದಾದರೆ ಅಲ್ಲಿಗೆ ವಿಮಾನ ಬೇಡ. ಮುಂಬಯಿ, ಪುಣೆ, ಬೆಂಗಳೂರು, ಹೈದರಾಬಾದ, ಗೋವೆ ಇವೆಲ್ಲ ಬೆಳಗಾವಿಯಿಂದ ಒಂದು ರಾತ್ರಿಯ ಹಾದಿಯೊಳಗಿನವು. ಚೆನ್ನಾಗಿ ತಂಪಿಟ್ಟ ಜರ್ಬೆರಾ ಅಷ್ಟರಲ್ಲಿ ಬಾಡದು. ಬಸ್ಸಿನವನು ಈ ವಾರ ಬಾರದಿದ್ದರೆ ಬೇರೊಬ್ಬ ಬಸ್ಸಿನವನಿದ್ದಾನೆ; ವಿಮಾನ ಬಾರದಿದ್ದರೆ ಬೇರೆ ವಿಮಾನವಿಲ್ಲ. ಒಂದು ರಾತ್ರಿಯ ಹಾದಿಯ ಆಚೆಯ ದೊಡ್ಡ ಪೇಟೆಯೆಂದರೆ ದೆಹಲಿ. ಆದುದರಿಂದ ಸಾಂಬ್ರಾದ ಮಾರ್ಗಗಳೆಲ್ಲವುಗಳಲ್ಲಿ ಬೆಳೆಗಾರನು ಕಣ್ಣಿಡಬೇಕಾದದ್ದು ದೆಹಲಿಯ ಮಾರ್ಗವೊಂದರ ಮೇಲೆ. ಪ್ರಯಾಣಿಕರಿಗೆ ಬೆಂಗಳೂರಿನ ವಿಮಾನವು ಮುಖ್ಯವಾಗಿರಬಹುದು. ಹೂವಿಗೆ ಅದರಿಂದ ಆಗಬೇಕಾದದ್ದು ಅಲ್ಪ.

ಬಾಡಿಗೆಯ ವಿಷಯದಲ್ಲಿ ಹಲವರಿಗೆ ತಿಳಿಯದ ಒಂದು ಸಂಗತಿಯುಂಟು. ವಿಮಾನದವರು ತಕ್ಕಡಿಯ ತೂಕವನ್ನಷ್ಟೇ ನೋಡುವುದಿಲ್ಲ. ಡಬ್ಬಿಯು ಹಿಡಿಯುವ ಎಡೆಯನ್ನೂ ನೋಡುತ್ತಾರೆ. ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, ಸಾಮಾನ್ಯವಾಗಿ 6000ದಿಂದ ಭಾಗಿಸಿದಾಗ ಬರುವ ಕಿಲೋವನ್ನು ತಕ್ಕಡಿಯ ಕಿಲೋದೊಂದಿಗೆ ಹೋಲಿಸಿ, ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ಹಾಕುತ್ತಾರೆ. ಉದ್ದ 100, ಅಗಲ 40, ಎತ್ತರ 30 ಸೆಂಟಿಮೀಟರಿನ ಹೂವಿನ ಡಬ್ಬಿಯು ತಕ್ಕಡಿಯಲ್ಲಿ 10 ಕಿಲೋ ತೂಗಿದರೂ ಬಾಡಿಗೆಯ ಲೆಕ್ಕದಲ್ಲಿ 20 ಕಿಲೋ ಆಗುತ್ತದೆ. ಎಂದರೆ ಗಾಳಿಗೂ ನಾವೇ ಬಾಡಿಗೆ ತೆರಬೇಕು. ಹಸಿರುಮನೆಯ ಲಾಭದ ಪಟ್ಟಿಯನ್ನು ಹಿಡಿದು ಬರುವ ಮಾರಾಟಗಾರರ ಕಾಗದಗಳಲ್ಲಿ ಈ ಲೆಕ್ಕವು ಕಾಣುವುದು ಅಪರೂಪ. ಕೇಳಿ ಬರೆಯಿಸಿಕೊಳ್ಳತಕ್ಕದ್ದು.

ಇನ್ನು ಕಾಲದ ಲೆಕ್ಕ. ಈ ಲೇಖನದಲ್ಲಿ ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬಾರದು. ಜರ್ಬೆರಾದ ಒಂದು ನಾಟಿಯು ಹೆಚ್ಚುಕಡಿಮೆ ಮೂರು ವರ್ಷ ಹೂ ಕೊಡುತ್ತದೆ. ಹಸಿರುಮನೆಯ ಪ್ಲಾಸ್ಟಿಕ್ ಹೊದಿಕೆಯನ್ನು ನಾಲ್ಕಾರು ವರ್ಷಕ್ಕೆ ಬದಲಿಸಬೇಕು. ತೋಟಗಾರಿಕೆಯ ಖಾತೆಯಿಂದ, ಗೊತ್ತುಪಡಿಸಿದ ವೆಚ್ಚದಲ್ಲಿ ಅರ್ಧದಷ್ಟು ಸಹಾಯಧನ ದೊರೆಯುತ್ತದಾದರೂ ಉಳಿದರ್ಧದ ಸಾಲವನ್ನು ತೀರಿಸಲು ಐದರಿಂದ ಏಳು ವರ್ಷ ಹಿಡಿಯುತ್ತದೆ. ವಿಮಾನ ಮಾರ್ಗದ ಆಸರೆಯ ಆಯುಷ್ಯವೋ ಮೂರು ವರ್ಷ. ಆಸರೆಯಿಲ್ಲದ ಮಾರ್ಗದ ಆಯುಷ್ಯಕ್ಕೆ ಜಾಮೀನೇ ಇಲ್ಲ. ಏಳು ವರ್ಷದ ಸಾಲವನ್ನು ಮೂರು ವರ್ಷದ ಮಾರ್ಗಕ್ಕೆ ಕಟ್ಟುವುದೆಂದರೆ ಕೋರು ಎತ್ತನ್ನು ನಂಬಿ ಇಡೀ ಹೊಲದ ರಂಟೆ ಹೊಡೆಯುವ ಮಾತು ಕೊಟ್ಟಂತೆ. ವಿಮಾನವಿಲ್ಲದೆಯೂ ಕಂತು ಹುಟ್ಟುವುದೇ ಎಂದು ಮೊದಲು ನೋಡಬೇಕು. ಹುಟ್ಟುವುದಾದರೆ ಕಟ್ಟಿಸಿರಿ, ದೆಹಲಿಯ ಪೇಟೆಯಿಂದ ಬಂದದ್ದು ಮೇಲಿನ ತುಪ್ಪವಾಗುತ್ತದೆ. ಹುಟ್ಟದಿದ್ದರೆ ನಮ್ಮ ಖಾತೆಯ ಯಾವ ಅಧಿಕಾರಿಯೂ ಸಹಿ ಹಾಕಿದರೂ ಕಟ್ಟಿಸಬೇಡಿರಿ ಎಂದೇ ನಾನು ಹೇಳುವೆನು.

ವಿಮಾನಗಳ ವೇಳಾಪತ್ರಿಕೆಯು ವರ್ಷಕ್ಕೆ ಎರಡು ಸಾರಿ ಬದಲಾಗುತ್ತದೆ: ಮಾರ್ಚಿನ ಕೊನೆಯ ರವಿವಾರ ಹಾಗೂ ಅಕ್ಟೋಬರದ ಕೊನೆಯ ರವಿವಾರ. ಮಾರ್ಗಗಳು ಹೆಚ್ಚಾಗಿ ಹುಟ್ಟುವುದೂ ಸಾಯುವುದೂ ಈ ಎರಡು ದಿನಗಳಲ್ಲಿ. ಎರಡನೆಯ ದಿನವು ನಮ್ಮ ಹಿಂಗಾರಿ ಬಿತ್ತಿಗೆ, ಕಾರಖಾನೆಗಳ ಹೊಗೆ ಏಳುವ ಕಾಲ, ದೀಪಾವಳಿಯ ಆಚೀಚಿನದು. ಮುಂದೆ ಮದುವೆಯ ತಿಂಗಳುಗಳು. ಹೂವಿನ ಬೇಡಿಕೆಯು ಏರುವ ಹೊತ್ತಿಗೇ ಮಾರ್ಗವು ತಪ್ಪಬಹುದೆಂದು ತಿಳಿದು, ಸೆಪ್ಟೆಂಬರದಲ್ಲಿಯೇ ಮುಂದಿನ ಪತ್ರಿಕೆಯನ್ನು ವಿಚಾರಿಸುವುದು ಜಾಣತನ. ಇಂದು ಇರುವ ಮಾರ್ಗದ ಹೆಸರನ್ನು ಇಲ್ಲಿ ಬರೆದರೂ ಪತ್ರಿಕೆಯು ನಿಮ್ಮ ಚಾವಡಿಗೆ ಮುಟ್ಟುವುದರೊಳಗೆ ಅದು ಹಳೆಯದಾಗಬಹುದು. ಸಾಂಬ್ರಾದಲ್ಲಿಯೇ ಕೇಳಿ ತಿಳಿಯುವುದು ಲೇಸು.

ಹುಕ್ಕೇರಿ ತಾಲೂಕಿನವರಿಗೆ ಪ್ರತ್ಯೇಕವಾಗಿ ಒಂದು ಮಾತು. ಸಾಂಬ್ರಾವೊಂದೇ ನಿಮ್ಮ ನಿಲ್ದಾಣವೆಂದು ತಿಳಿಯಬೇಡಿರಿ. ಸಂಕೇಶ್ವರದಿಂದ ಹೆದ್ದಾರಿಯ ಮೇಲೆ ಬೆಳಗಾವಿಯೂ ಕೊಲ್ಲಾಪುರವೂ ಹೆಚ್ಚುಕಡಿಮೆ ಸಮದೂರ. ಕೊಲ್ಲಾಪುರದ ಉಜಳಾಯಿವಾಡಿಯ ನಿಲ್ದಾಣವು ಸಂಸ್ಥಾನದ ಕಾಲದ್ದು. ಉಡಾನ್ ಯೋಜನೆಯಿಂದ 2018ರಲ್ಲಿ ಮತ್ತೆ ಜೀವ ಪಡೆದಿದೆ. ಮತ್ತೊಂದು ಇದಕ್ಕೂ ದೊಡ್ಡದು. ಗೋವೆಯ ಮೋಪಾದಲ್ಲಿ 2023ರ ಜನವರಿ 5ರಿಂದ ಹೊಸ ಅಂತರರಾಷ್ಟ್ರೀಯ ನಿಲ್ದಾಣವು ಕೆಲಸ ಮಾಡುತ್ತಿದೆ. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ, ಅಂಬೋಲಿ ಘಟ್ಟ, ಸಾವಂತವಾಡಿಗಳ ಮೇಲಿಂದ ಬಾಂದಾಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿಯು ಮೋಪಾದ ಬಾಗಿಲಿಗೇ ಮುಟ್ಟಿಸುತ್ತದೆ. ಪ್ರವಾಸಿಗರಿಂದಾಗಿ ಗೋವೆಯ ದೊಡ್ಡ ವಿಮಾನಗಳಿಗೆ ಜನರ ಕೊರತೆಯಿಲ್ಲ. ದೊಡ್ಡ ವಿಮಾನದ ಹೊಟ್ಟೆಯಲ್ಲಿ ಮಾಲಿಗೂ ಎಡೆಯುಂಟು. ಉಡುಪಿಯ ಮಲ್ಲಿಗೆಯ ಪಾಠವನ್ನು ಇಲ್ಲಿ ನೆನೆಯಬೇಕು: ಮಾಲು ಯಾವಾಗಲೂ ಜನರ ಬೆನ್ನಿಗೆ ಹೋಗುತ್ತದೆ. ಒಂದೇ ಸೀಮೆಯ ಪ್ರಯಾಣಿಕರನ್ನು ಸಾಂಬ್ರಾ, ಹುಬ್ಬಳ್ಳಿ, ಕೊಲ್ಲಾಪುರ, ಗೋವೆ ಹಂಚಿಕೊಳ್ಳುವುದು ಸಾಂಬ್ರಾಕ್ಕೆ ಕಷ್ಟವಾದರೂ ಬೆಳೆಗಾರನಿಗೆ ನಾಲ್ಕು ಬಾಗಿಲು ತೆರೆದಂತೆ. ಆದರೆ ಅಂಬೋಲಿಯ ಮಳೆಗಾಲವನ್ನು ಲೆಕ್ಕದಲ್ಲಿ ಹಿಡಿಯತಕ್ಕದ್ದು. ಜೂನದಿಂದ ಸೆಪ್ಟೆಂಬರದ ವರೆಗೆ ಘಟ್ಟದ ಹಾದಿಯನ್ನು ಗಡಿಯಾರದಂತೆ ನಂಬುವುದಕ್ಕಾಗದು.

ಇದೆಲ್ಲವನ್ನು ಒಬ್ಬೊಬ್ಬರೇ ಮಾಡುವುದು ಸಾಧ್ಯವಲ್ಲ. ಹತ್ತು ಗುಂಟೆಯವನ ದಿನದ ಹೂವು ಎರಡು ಮೂರು ಡಬ್ಬಿ ಮಾತ್ರ. ಅಷ್ಟಕ್ಕಾಗಿ ತಂಪಿನ ಗಾಡಿಯನ್ನು ಮೋಪಾಕ್ಕೆ ಓಡಿಸುವವರಾರು? ಇಪ್ಪತ್ತು ಮೂವತ್ತು ಜನರು ಕೂಡಿ ಒಂದು ತಂಪುಕೋಣೆ, ಒಂದು ಡಬ್ಬಿ ಕಟ್ಟುವ ಚಪ್ಪರ ಇಟ್ಟುಕೊಂಡರೆ ಯಾವ ದಿನ ಯಾವ ಬಾಗಿಲು ತೆರೆದಿದೆಯೋ ಆ ಕಡೆಗೆ ಗಾಡಿ ತಿರುಗಿಸಬಹುದು. ಹುಕ್ಕೇರಿಯವರು 1969ರಲ್ಲಿಯೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿ ವಿದ್ಯುತ್ತನ್ನು ತಾವೇ ಹಂಚಿಕೊಂಡವರು. ಅವರಿಗೆ ತಂಪುಕೋಣೆಯ ಸಂಘವು ಭಾರವಾಗಬಾರದು. ಗುಲಾಬಿಗೆ 2ರಿಂದ 4 ಡಿಗ್ರಿ ತಂಪು ಬೇಕು. ಕೊಯ್ದ ಮೇಲೆ ಕೋಣೆಗೆ ತರುವ ಮೊದಲ ತಾಸೇ ಹೂವಿನ ಆಯುಷ್ಯವನ್ನು ಗೊತ್ತುಮಾಡುತ್ತದೆ. ಇಲ್ಲಿ ಕೆಟ್ಟದ್ದನ್ನು ವಿಮಾನದ ವೇಗವು ಸರಿಪಡಿಸಲಾರದು.

ಕೊನೆಗೆ ಭೂಮಿಯ ವಿಷಯ. ವಿಮಾನದ ಸುದ್ದಿ ಬಂದಾಗಲೆಲ್ಲ ದಲಾಲರು ಹಳ್ಳಿಗಳಲ್ಲಿ ತಿರುಗಾಡುತ್ತಾರೆ. ಗೋಕಾಕ, ಮೂಡಲಗಿಗಳ ಹೊಲಕ್ಕೆ ಸಾಂಬ್ರಾದ ರನ್‌ವೇ ಬಾರದು. ಆದರೆ ರಸ್ತೆಗಳ ಅಗಲೀಕರಣವು ಬರಬಹುದು, ಮತ್ತು ಭೂಸ್ವಾಧೀನದ ಕಾಯದೆಯು ರಸ್ತೆಗೂ ವಿಮಾನಕ್ಕೂ ಬೆಲೆ ಕಟ್ಟುವ ಬಗೆ ಒಂದೇ. 1894ರ ಹಳೆಯ ಕಾಯದೆಯು ಹೋಗಿ 2014ರ ಜನವರಿ 1ರಿಂದ ಹೊಸ ಕಾಯದೆ ಜಾರಿಯಲ್ಲಿದೆ. ಅದರ ಪ್ರಕಾರ ಪೇಟೆಯ ಬೆಲೆಯನ್ನು ಗೊತ್ತುಮಾಡುವುದಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಸುತ್ತಿನ ಅದೇ ತೆರನಾದ ಭೂಮಿಯ ನೋಂದಾಯಿತ ಖರೀದಿಪತ್ರಗಳನ್ನು ನೋಡಿ, ಹೆಚ್ಚಿನ ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ ತೆಗೆಯುತ್ತಾರೆ. ಮುದ್ರಾಂಕದ ಹಣ ಉಳಿಸುವುದಕ್ಕೆಂದು ಪತ್ರದಲ್ಲಿ ಕಡಿಮೆ ಬೆಲೆ ಬರೆಯಿಸುವ ರೂಢಿಯು ಊರಿಗೆ ಊರನ್ನೇ ಕೆಡಿಸುತ್ತದೆ. ಒಬ್ಬನು ಉಳಿಸಿದ ಹಣವನ್ನು ಹತ್ತು ಜನ ನೆರೆಹೊರೆಯವರು ಪರಿಹಾರದಲ್ಲಿ ಕಳೆದುಕೊಳ್ಳುತ್ತಾರೆ. ಗ್ರಾಮಪ್ರಮುಖರು ಇದನ್ನು ಚಾವಡಿಯಲ್ಲಿ ತಿಳಿಹೇಳಬೇಕು. ಗಿಡಮರಗಳಿಗೂ ನಿಂತ ಪೀಕಿಗೂ ಬೇರೆ ಬೆಲೆ ಕಟ್ಟಲು ಒಕ್ಕಲುತನ, ತೋಟಗಾರಿಕೆ, ಅರಣ್ಯಗಳ ಅನುಭವಿಗಳ ಸಹಾಯ ಪಡೆಯಬಹುದೆಂದು ಅದೇ ಕಾಯದೆಯಲ್ಲಿದೆ. ಹಾಗೆ ಬಂದವರು ಮೊದಲು ಕೇಳುವುದು ಪಹಣಿಯನ್ನು. ಹೊಲದಲ್ಲಿ ಅರಿಷಿಣವಿದ್ದು ಪಹಣಿಯಲ್ಲಿ ಗೋವಿನಜೋಳವೆಂದಿದ್ದರೆ ಯಾರೂ ಏನೂ ಮಾಡಲಾರರು. ಪ್ರತಿ ಹಂಗಾಮಿನ ಬೆಳೆ ಸಮೀಕ್ಷೆಯಲ್ಲಿ ತಮ್ಮ ಸರ್ವೇ ನಂಬರಿಗೆ ಏನು ದಾಖಲಾಗಿದೆಯೆಂಬುದನ್ನು ಬೆಳೆ ದರ್ಶಕ ಎಂಬ ಆಪಿನಲ್ಲಿ ಮನೆಯ ಹುಡುಗರಿಂದ ನೋಡಿಸಿಕೊಂಡು, ತಪ್ಪಿದ್ದಲ್ಲಿ ಗೊತ್ತಾದ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಅವಧಿ ಮೀರಿ ತಂದ ಅರ್ಜಿಯನ್ನು ಆ ಹಂಗಾಮಿಗೆ ಲೆಕ್ಕಕ್ಕೆ ಹಿಡಿಯುವುದಿಲ್ಲ.